ಕಂಪನಿಯವರು ಕೊಟ್ಟ ರೇಡಿಯೋ

ಪಂಚಮಿ ಹಬ್ಬಕ್ಕೆ ತಂಗಿಯನ್ನು ಕರೆತರಲು ಹೋಗಿ, ತಂಗಿಯನ್ನು ಅವಳ ಮನೆಯ ಕಟ್ಟೆಯ ಮೇಲೆಯೇ ಬಿಟ್ಟು, ಬರೀ ಹಾಡು ಕೇಳಿಕೊಂಡು ವಾಪಸ್ಸು ಬಂದ ಅಣ್ಣನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವನು ನಮ್ಮ ಮಾಮಾ, ಅಂದರೆ ನಮ್ಮವ್ವನ ಒಬ್ಬನೇ ಅಣ್ಣ. ಇಷ್ಟು ಕೇಳಿ ಅವನನ್ನು ಬೇಜವಾಬ್ದಾರಿ ಮನುಷ್ಯ ಎಂದುಕೊಳ್ಳಬೇಡಿ. ಅವನಷ್ಟು ನಿಷ್ಠೆಯ ಮನುಷ್ಯ ಗಜೇಂದ್ರಗಡ, ರೋಣ, ನರಗುಂದ ಮೂರೂ ಊರು ಸೋಸಿದರೂ ಸಿಗಲಿಕ್ಕಿಲ್ಲ. ತೊಂದರೆ ಏನೆಂದರೆ, ಆ ನಿಷ್ಠೆಯಲ್ಲಿ ಅರ್ಧ ಪಾಲು ಅವನ ಕಾರಿಗೆ ಹೋಗಿತ್ತು!

ಮಾಮಾನದು ಗಜೇಂದ್ರಗಡದಲ್ಲಿ ಕೈಮಗ್ಗದ ಸೀರೆಗಳ ಅಂಗಡಿ. ನಾನು ಹೇಳುತ್ತಿರುವುದು ಎರಡು ಸಾವಿರದ ಎಂಟರ ಸುಮಾರಿನ ಮಾತು. ಆ ಹೊತ್ತಿಗೆ ಅವನ ಕಾರಿಗೆ ಹದಿನೈದು ವರ್ಷ ತುಂಬಿತ್ತು, ಸೀಟುಗಳ ಮೇಲಿನ ಪ್ಲಾಸ್ಟಿಕ್ ಹಾಳೆ ಮಾತ್ರ ಶೋರೂಮಿನಿಂದ ಬಂದಂತೆಯೇ ಇತ್ತು. ಬೇಸಿಗೆಯಲ್ಲಿ ಅದರ ಮೇಲೆ ಕುಳಿತರೆ ಇಳಿಯುವಾಗ ಯಾರಾದರೂ ಕೈಹಿಡಿದು ಎಳೆಯಬೇಕು.

"ಮಾಮಾ, ಇನ್ನರೆ ಇದನ್ನ ಹರದು ಒಗಿ" ಎಂದೆ ಒಮ್ಮೆ.

"ಕಂಪನಿಯವ್ರು ಹುಚ್ಚರೇನ? ಬ್ಯಾಡಾಗಿದ್ರ ಹಾಕಿ ಯಾಕ ಕೊಡ್ತಿದ್ರು?"

ಕಂಪನಿಯವರು ಕೊಟ್ಟದ್ದನ್ನು ಬದಲಿಸಬಾರದು, ವ್ಯರ್ಥವೂ ಮಾಡಬಾರದು ಎಂಬುದು ಅವನ ವ್ರತ. ಸಿಗರೇಟು ಹೊತ್ತಿಸಿಕೊಳ್ಳಲೆಂದು ಸ್ಟಿಯರಿಂಗಿನ ಬದಿಗೆ ಒಂದು ತೂತು ಕೊಟ್ಟಿದ್ದರಲ್ಲ, ಜನ್ಮದಲ್ಲಿ ಬೀಡಿಯ ಹೊಗೆ ಕಾಣದ ಮಾಮಾ ಅದನ್ನೇನು ಮಾಡಬೇಕು? ದಿನಾ ಮುಂಜಾನೆ ಅದರಲ್ಲಿ ಊದಿನಕಡ್ಡಿ ಸಿಕ್ಕಿಸಿ, ಕೈಮುಗಿದು, ಆಮೇಲೆಯೇ ಗಾಡಿ ತೆಗೆಯುತ್ತಿದ್ದ.

ಕಾರಿನ ಜೊತೆಗೇ ಬಂದ ಕ್ಯಾಸೆಟ್ಟಿನ ಸ್ಟೀರಿಯೋಗೆ ವಯಸ್ಸಾದಾಗ ನಿಜವಾದ ಪರೀಕ್ಷೆ ಶುರುವಾಯಿತು. ಅದರ ಮೋಟಾರು ನಿಧಾನವಾಗಿ, ಹಾಡುವ ಹೆಂಗಸರೆಲ್ಲ ಗಂಡಸರಾದರು. ಗಂಡಸರು ಏನಾದರು ಎಂದು ಕೇಳಬೇಡಿ, ಕೋಣದ ದನಿ! ನಾವು ನಕ್ಕರೆ ಮಾಮಾ, "ನಿಧಾನಕ್ಕ ಹಾಡಿದ್ರ ಅರ್ಥ ಆಗತೈತಿ" ಎನ್ನುವನು. ಕಡೆಗೊಂದು ದಿನ ಅದು ಒಂದು ಭಜನೆಯ ಕ್ಯಾಸೆಟ್ಟನ್ನು ಪೂರ್ತಿ ತಿಂದು ಬಾಯಿ ಮುಚ್ಚಿತು. ಉಳಿದದ್ದು ರೇಡಿಯೋ ಮಾತ್ರ. ಹೊಸ ಸ್ಟೀರಿಯೋ ಹಾಕಿಸು ಎಂದು ಊರೇ ಹೇಳಿತು. "ಒಂದು ಕಣ್ಣು ಹೋತಂತ ಮನಿಶ್ಯಾನ್ನ ಬದಲ ಮಾಡ್ತೀರೇನ?" ಎಂದು ಮಾಮಾ ಊರಿನ ಬಾಯನ್ನೂ ಮುಚ್ಚಿಸಿದ.

ಅಷ್ಟರಲ್ಲಿ ನರಗುಂದದ ರೇಡಿಯೋ ರಿಪೇರಿಯ ಚಾಚಾ ಫೋನು ಮಾಡಿ ಹೊಸ ಸುದ್ದಿ ಕೊಟ್ಟರು. ಹೆಬ್ಬೆರಳಿನಷ್ಟು ದಪ್ಪದ ಒಂದು ಸಾಮಾನು ಬಂದಿದೆ. ಅದನ್ನು ಸಿಗರೇಟಿನ ತೂತಿಗೆ ಸಿಕ್ಕಿಸಿ, ಹಾಡು ತುಂಬಿದ ಪೆನ್‌ಡ್ರೈವ್ ಚುಚ್ಚಿದರೆ, ಅದು ತಾನೇ ಒಂದು ಸಣ್ಣ ರೇಡಿಯೋ ಸ್ಟೇಷನ್ ಆಗುತ್ತದೆ. ಕಾರಿನ ರೇಡಿಯೋವನ್ನು ಅದೇ ನಂಬರಿಗೆ ತಿರುಗಿಸಿದರೆ ಮುಗಿಯಿತು. ವೈರು ಬೇಡ, ಹಳೆಯದನ್ನು ಬಿಚ್ಚುವುದೂ ಬೇಡ!

ಮಾಮಾ ಹೊರಟ ದಿನವೇ ರೊಟ್ಟಿ ಹಬ್ಬ. ನಮ್ಮ ಕಡೆ ಪಂಚಮಿಗೆ ಮುಂಚೆ ಬರುವ ಈ ಹಬ್ಬಕ್ಕೆ ಅಣ್ಣತಮ್ಮಂದಿರು ಬಂದು, ಮದುವೆ ಮಾಡಿ ಕೊಟ್ಟ ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯುತ್ತಾರೆ. ಕರೆಯಲು ಬಾರದಿದ್ದರೆ ಅದಕ್ಕಿಂತ ದೊಡ್ಡ ಅವಮಾನ ಹೆಣ್ಣಿಗೆ ಬೇರೆ ಇಲ್ಲ. ಗಜೇಂದ್ರಗಡದಿಂದ ನರಗುಂದಕ್ಕೆ ಹೋಗುವ ದಾರಿಯಲ್ಲೇ ನಮ್ಮ ರೋಣ. ಹೋಗುವಾಗ ಸಾಮಾನು, ಬರುವಾಗ ತಂಗಿ ಎಂಬುದು ಮಾಮಾನ ಲೆಕ್ಕ.

ನರಗುಂದದಲ್ಲಿ ಆ ಸಾಮಾನು ತೂತಿನೊಳಗೆ ಹೋಗಲೇ ಇಲ್ಲ. ಚಾಚಾ ಬಗ್ಗಿ ನೋಡಿ, ಒಂದು ಸಣ್ಣ ಚಮಚದಿಂದ ಕೆರೆದು ಕೆರೆದು ಹೊರಗೆ ಹಾಕಿದರು. "ಸಾವಕಾರ್ರ, ಒಂದು ಮಠಕ್ಕ ಆಗೋವಷ್ಟು ಬೂದಿ ಐತಿ ನೋಡ್ರಿ ಇದರಾಗ!"

ಬೂದಿ ತೆಗೆಯುವಷ್ಟರಲ್ಲಿ ಮಧ್ಯಾಹ್ನ ದಾಟಿತು. ಕೊನೆಗೆ ಸತ್ತ ಸ್ಟೀರಿಯೋದಿಂದ ಹಾಡು ಗಂಟೆ ಬಾರಿಸಿದಂತೆ ಹೊಮ್ಮಿತು. ಹೆಂಗಸರು ಮರಳಿ ಹೆಂಗಸರಾಗಿದ್ದರು! ಮಾಮಾ ಸೀಟಿನ ಕೆಳಗೆ ಕೈಹಾಕಿ ವೈರು ಹುಡುಕಿದ, ಸಿಗಲಿಲ್ಲ. ಆಮೇಲೆ ಏನಾಯಿತೆಂದು ಅವನಿಗೇ ಸರಿಯಾಗಿ ಹೇಳಲು ಬರುವುದಿಲ್ಲ. ಹಾಡು ಕೇಳುತ್ತ ಹೊರಟ, ಕೇಳುತ್ತಲೇ ರೋಣ ದಾಟಿದ, ಕೇಳುತ್ತಲೇ ಗಜೇಂದ್ರಗಡ ಮುಟ್ಟಿದ. ನಾವು ಫೋನು ಮಾಡಲಿಲ್ಲವೇ? ಏಳು ಸಲ ಮಾಡಿದ್ದೆವು. ಆ ಅಬ್ಬರದಲ್ಲಿ ಕೇಳಿಸಬೇಕಲ್ಲ! ಬಾಗಿಲಲ್ಲಿ ನಿಂತ ಅತ್ತೆ, "ನಿಮ್ಮ ತಂಗಿ ಎಲ್ರಿ?" ಎಂದಾಗ ಅವನ ಕೈಯಿಂದ ಕೀಲಿ ಜಾರಿತಂತೆ.

ಬಿದ್ದ ಕೀಲಿ ಎತ್ತಿಕೊಂಡು ಆಗಲೇ ರೋಣಕ್ಕೆ ತಿರುಗಿ ಬಂದು, ನಡೆದದ್ದನ್ನೆಲ್ಲ ಹೇಳಿದ. ಅಷ್ಟರಲ್ಲಿ ಅವ್ವ ಹೊಸ ಸೀರೆ ಬಿಚ್ಚಿಟ್ಟಾಗಿತ್ತು. "ಅಣ್ಣ ಹಾಡ ಕೇಳಾಕ ಬಂದಿದ್ನಂತ, ನನ್ನ ಕರಿಯಾಕ ಅಲ್ಲಂತ. ಹೋಗಂತ ಹೇಳ" ಎಂದಳು ನನಗೆ, ಅವನು ಎದುರಿಗೇ ನಿಂತಿರುವಾಗ! ಅಂದಿನಿಂದ ಅಣ್ಣನ ಜೊತೆ ಮಾತು ಬಂದ್. ಆ ಕಾರಿನಲ್ಲಿ ಕೂರುವುದೂ ಬಂದ್.

ಮಾಮಾ ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದ. ಅವ್ವ, "ಬಂದವರಿಗೆ ಚಾ ಕೊಡ" ಎಂದು ನನಗೆ ಹೇಳಿ ಒಳಗೆ ಹೋಗುವಳು. ಅವನು ಕ್ಷಮೆಯ ಮಾತು ತೆಗೆದರೆ ಪಾತ್ರೆ ತಿಕ್ಕುವ ಸಪ್ಪಳ ಜೋರು ಮಾಡುವಳು. ಮಾಮಾ ಚಹಾ ಕುಡಿದು, ಮುಖ ಸಣ್ಣದು ಮಾಡಿಕೊಂಡು ಹೋಗುವನು. ತಂಗಿ ಮತ್ತೆ ತವರು ಮೆಟ್ಟುತ್ತಾಳೋ ಇಲ್ಲವೋ ಎಂಬ ಚಿಂತೆಯಲ್ಲಿ ಅವನು ಆ ವರ್ಷ ನಿಜವಾಗಿಯೂ ಸೊರಗಿದ.

ಸೊರಗಿದರೂ ಹುಚ್ಚು ಸೊರಗಬೇಕಲ್ಲ! ಒಂದು ದಿನ ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಎದುರು ಚಹಾದಂಗಡಿಯ ಮುಂದೆ ಕಾರು ನಿಲ್ಲಿಸಿದ. ಅಂಗಡಿಯ ರೇಡಿಯೋದಲ್ಲಿ ಉಳ್ಳಾಗಡ್ಡಿಯ, ಅಂದರೆ ಈರುಳ್ಳಿಯ, ಪೇಟೆ ಧಾರಣೆ ಬರುತ್ತಿತ್ತು. ಥಟ್ಟನೆ ಅದು ನಿಂತು ಮಾಮಾನ ಪೆನ್‌ಡ್ರೈವಿನ ಭಜನೆ ಶುರುವಾಯಿತು. ಅಂಗಡಿಯವ ರೇಡಿಯೋಗೆ ಎರಡು ಬಡಿದ. ಮಾಮಾ ಕಾರು ಮುಂದೆ ಒಯ್ದರೆ ಉಳ್ಳಾಗಡ್ಡಿ, ಹಿಂದೆ ತಂದರೆ ಭಜನೆ! ಎರಡಕ್ಕೂ ಒಂದೇ ನಂಬರು.

"ಸಾವಕಾರ್ರ, ನಿಮ್ಮ ಕಾರ್ ಕಂಡ್ರ ನಮ್ಮ ರೇಡಿಯೋಕ್ಕ ಭಕ್ತಿ ಬರತೈತಿ ನೋಡ್ರಿ!" ಎಂದನಂತೆ ಅಂಗಡಿಯವ.

ಎಲ್ಲರೂ ನಕ್ಕರು. ಮಾಮಾ ನಗಲಿಲ್ಲ. ಚಹಾ ಅರ್ಧಕ್ಕೇ ಬಿಟ್ಟು ನನಗೆ ಫೋನು ಮಾಡಿದ.

"ಯವ್ವಾ, ನಿಮ್ಮವ್ವನ ರೇಡಿಯೋ ಯಾವ ನಂಬರಿಗೆ ಇರತೈತಿ?"

"ಯಾಕ ಮಾಮಾ?"

"ಅಕಿ ನನ್ನ ಮಾತ ಕೇಳಂಗಿಲ್ಲ. ರೇಡಿಯೋ ಹೇಳಿದ್ದು ಕೇಳ್ತಾಳ."

ನಾನು ನಂಬರು ಹೇಳಿದೆ. ಮಾಮಾ ತನ್ನ ಸಾಮಾನನ್ನೂ ಅದೇ ನಂಬರಿಗೆ ತಿರುಗಿಸಿಕೊಂಡ. ಮಾಮಾ ಮನೆಯಲ್ಲಿ ಕುಳಿತು ತನ್ನ ಮೊಬೈಲಿನಲ್ಲಿ ಮಾತು ರೆಕಾರ್ಡ್ ಮಾಡಿದ. ನರಗುಂದದ ಚಾಚಾ ಅದನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟರು. ಮರುವರ್ಷದ ರೊಟ್ಟಿ ಹಬ್ಬದ ದಿನ ಬೆಳಿಗ್ಗೆ ಹತ್ತಕ್ಕೆ ಕಾರು ಸಪ್ಪಳವಿಲ್ಲದೆ ಬಂದು ನಮ್ಮ ಪಡಸಾಲೆಯ ಕಿಟಕಿಗೆ ಒತ್ತಿ ನಿಂತಿತು.

ಅವ್ವ ಕಿಟಕಿಯ ಬಳಿ ಕುಳಿತು ಎಳ್ಳುಂಡಿ ಕಟ್ಟುತ್ತಿದ್ದಳು. ರೇಡಿಯೋ ಯಾವುದೋ ದೂರದ ಸ್ಟೇಷನ್ನನ್ನು ಕೆಮ್ಮಿಕೊಂಡು ಹಾಡುತ್ತಿತ್ತು. ಅದು ನಿಂತಿತು.

"ನಮಸ್ಕಾರ. ಇದು ಗಜೇಂದ್ರಗಡ," ಎಂದಿತು ಮಾಮಾನ ಗಂಟಲು, ವಾರ್ತೆ ಓದುವವರ ಧಾಟಿಯಲ್ಲಿ. "ರೋಣದಾಗಿರುವ ನನ್ನ ತಂಗಿಯವರಿಗೆ ತಿಳಿಸುವುದೇನಂದರೆ, ಪಂಚಮಿ ಹಬ್ಬದ ಸಲುವಾಗಿ ಕಾರು ಬಾಗಿಲಿಗೆ ಬಂದಿರುತ್ತದೆ. ಹೋದ ವರ್ಷ ತಪ್ಪಾಗಿರುತ್ತದೆ. ದಯವಿಟ್ಟು ಬರಬೇಕೆಂದು ವಿನಂತಿ."

ಅವ್ವ ರೇಡಿಯೋ ನೋಡಿದಳು, ಕಿಟಕಿಯಾಚೆ ನೋಡಿದಳು, ಆಮೇಲೆ ನನ್ನನ್ನು ಸುಡುವಂತೆ ನೋಡಿದಳು. "ಬಸ್ ಸ್ಟ್ಯಾಂಡಿನಾಗ ಬಸ್ಸಿನ ಹೆಸರ ಕೂಗಿದಂಗ ಕೂಗಿದ್ರ ನಾ ಬರ್ತೀನೇನ?" ಎಂದು ಮತ್ತೆ ಉಂಡಿಗೆ ಕೈಹಾಕಿದಳು.

ಆದರೆ ಮಾಮಾನಿಗೆ ರೆಕಾರ್ಡ್ ಶುರು ಮಾಡುವುದಷ್ಟೇ ಗೊತ್ತಿತ್ತು. ನಿಲ್ಲಿಸುವುದು ಗೊತ್ತಿರಲಿಲ್ಲ! ರೇಡಿಯೋ ಮುಂದುವರಿಯಿತು. "ಮುಗೀತೇನ್ರಿ?" ಎಂದಿತು ಅತ್ತೆಯ ದನಿ. ಹೊರಗೆ ಮಾಮಾ ಗಾಬರಿಯಾಗಿ, ಕಾರಿನ ರೇಡಿಯೋದ ಗುಂಡಿ ತಿರುವಿ ದನಿ ಪೂರಾ ಇಳಿಸಿದ. ಕಾರು ಸುಮ್ಮನಾಯಿತು. ಸ್ಟೇಷನ್ ನಿಲ್ಲದೆ ನಮ್ಮ ರೇಡಿಯೋ ಹೇಗೆ ಸುಮ್ಮನಾದೀತು? ಅವನು ನಿಶ್ಚಿಂತೆಯಿಂದ ಬೆವರು ಒರೆಸಿಕೊಳ್ಳುತ್ತಿದ್ದ, ಒಳಗೆ ಅವನ ದನಿ ಮಾತಾಡುತ್ತಿತ್ತು. ಈಗ ವಾರ್ತೆಯವರ ಧಾಟಿ ಇರಲಿಲ್ಲ.

"ಮುಗೀತು... ಬರ್ತಾಳಂತಿ ಏನ?"

"ನನಗೇನ ಗೊತ್ರಿ."

"ಸಂಜಿತನಾ ಚೀಲ ತೊಡಿ ಮ್ಯಾಲ ಇಟಗೊಂಡು ಕುಂತಿದ್ಲಂತ. ಓಣಿಯವ್ರಿಗೆಲ್ಲ, ನಮ್ಮಣ್ಣ ಬರೂದ ತಪ್ಪಸಂಗಿಲ್ಲ, ಈಗ ಬಂದಾ ಅಂತ ಹೇಳಕೋಂತ. ನಾ ಅದ ಓಣಿ ಮುಂದ ಹಾಡ ಹಚಗೊಂಡ ಹ್ವಾದೆ... ಅಪ್ಪ ಸಾಯೂ ಮುಂದ ಒಂದ ಮಾತ ಕೇಳಿದ್ದ, ತಂಗಿ ಕಣ್ಣಾಗ ನೀರ ತರಸಬ್ಯಾಡ ಅಂತ. ಉಂಡಿ ಗಂಟಲಾಗ ಇಳಿವಲ್ದು ನನಗ, ಖರೇ ಹೇಳ್ತೀನಿ."

ಆಮೇಲೆ ಒಬ್ಬ ಗಂಡಸು ಮೂಗು ಏರಿಸುವ ಸಪ್ಪಳ, ಕುಕ್ಕರಿನ ಸೀಟಿ. ಅಲ್ಲಿಗೆ ನಿಂತಿತು. ಚಾಚಾನನ್ನು ಮುಂದೆ ಕೇಳಿದೆ, ಅದನ್ನು ಯಾಕೆ ಕತ್ತರಿಸಲಿಲ್ಲ ಎಂದು. "ಕತ್ತರಿಸೂದು ಬರ್ತಿತ್ತವಾ, ಕೈ ಏಳಲಿಲ್ಲ" ಎಂದರು.

ಅವ್ವ ಎದ್ದಳು. ಕೈಯಲ್ಲಿ ಅರ್ಧ ಕಟ್ಟಿದ ಉಂಡಿ ಹಿಡಿದುಕೊಂಡೇ ಬೀದಿಗೆ ಹೋದಳು. ಮಾಮಾ ತಡವರಿಸಿ, "ಕೇಳಿಸ್ತೇನ ತಂಗಿ? ವೈರ್ ಇಲ್ಲ ನೋಡ ಅದಕ್ಕ" ಎಂದ.

"ಕೇಳಿಸ್ತಪ್ಪಾ. ಎಲ್ಲಾ ಕೇಳಿಸ್ತು" ಎಂದು ಅವ್ವ ಆ ಉಂಡಿಯನ್ನು ಅವನ ಬಾಯಿಗೇ ಇಟ್ಟಳು. "ನುಂಗು. ನಾ ನಿಂತೀನಿ, ಇಳಿತೈತಿ."

ಮಾಮಾ ಕಾರಿನ ಬಾಗಿಲು ಹಿಡಿದು ಬೀದಿಯಲ್ಲೇ ಅತ್ತುಬಿಟ್ಟ. ಅರವತ್ತು ಸಮೀಪಿಸಿದ ಗಂಡಸು ಬಾಯ್ತುಂಬ ಎಳ್ಳುಂಡಿ ಇಟ್ಟುಕೊಂಡು ಅಳುವುದನ್ನು ಕಂಡು ನನಗೆ ನಗುವೂ ಬಂತು, ಅಳುವೂ ಬಂತು. ಅವ್ವ ನನ್ನ ಕಡೆ ತಿರುಗಿ, "ಏನ ನೋಡ್ತಿ ನಿಂತು? ಹಿತ್ತಲ ಬಾಗಲ ಹಿಂದ ಚೀಲ ಐತಿ, ತಗೊಂಡ ಬಾ" ಎಂದಳು.

ಒಳಗೆ ಹೋಗಿ ನೋಡಿದೆ. ನಾಲ್ಕು ದಿನದ ಬಟ್ಟೆ ಮಡಚಿ, ಅಣ್ಣನಿಗೊಂದು ಹೊಸ ಟವೆಲ್ ಮೇಲಿಟ್ಟು, ಚೀಲದ ಬಾಯಿ ಕಟ್ಟಿ ಸಿದ್ಧವಾಗಿತ್ತು. ಅವ್ವ ಅದನ್ನು ಯಾವಾಗ ತುಂಬಿಟ್ಟಿದ್ದಳೋ ನನಗೆ ಗೊತ್ತೇ ಆಗಿರಲಿಲ್ಲ.