ಹುಣಸೆಹಣ್ಣು ಹಾಕಿ ತೊಳೆದ ಬೋರ್ಡು

ನಮ್ಮ ಮನೆಯಲ್ಲಿ ಏನೇ ಕೆಟ್ಟರೂ ಎಲ್ಲರೂ ಮೊದಲು ನನ್ನ ಮುಖ ನೋಡ್ತಾರೆ. ಹೈಸ್ಕೂಲಲ್ಲಿ ಮೂವತ್ತು ವರ್ಷ ಸೈನ್ಸ್ ಪಾಠ ಮಾಡಿದ ತಪ್ಪಿಗೆ ನನಗೆ ಸಿಕ್ಕಿರೋ ಶಿಕ್ಷೆ ಇದು. ಪುಸ್ತಕದಲ್ಲಿರೋ ಕರೆಂಟೇ ಬೇರೆ, ತಂತಿಯಲ್ಲಿ ಹರಿಯೋ ಕರೆಂಟೇ ಬೇರೆ ಅಂತ ಯಾರ ಹತ್ತಿರ ಹೇಳಿಕೊಳ್ಳೋದು? ಹೇಳಿದರೆ ಇದ್ದ ಮರ್ಯಾದೇನೂ ಹೋಗುತ್ತೆ. ಹಾಗಾಗಿ ಸ್ಕ್ರೂಡ್ರೈವರ್ ಹಿಡ್ಕೊಂಡು ಕೂತ್ಕೋತೀನಿ, ಆಮೇಲೆ ಆಗೋದು ಆಗುತ್ತೆ. ಮಿಕ್ಸಿದು, ಇಸ್ತ್ರಿಪೆಟ್ಟಿಗೇದು ಇರಲಿ ಬಿಡಿ. ಈ ಬೇಸಿಗೆಯಲ್ಲಿ ಬೋರ್‌ವೆಲ್ಲಿನ ಬೋರ್ಡಿನಿಂದ ಆಗಿದ್ದಷ್ಟನ್ನೇ ಹೇಳ್ತೀನಿ.

ಮರೆತರೆ ಓಡೋ ಮೋಟರು

ಸಂಪಿಗೆ ಊರಿನ ಕಡೆ ನಮ್ಮದೊಂದು ತೆಂಗಿನ ತೋಟ ಇದೆ, ಮನೆಯಿಂದ ಒಂದೂವರೆ ಮೈಲಿ. ನಾನು ರಿಟೈರಾದ ಮೇಲೆ ಅಲ್ಲಿನ ಮೋಟರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದೆ. ಪೆಟ್ಟಿಗೆ ಒಳಗೊಂದು ಬೋರ್ಡು, ಬೋರ್ಡಿನಲ್ಲೊಂದು ಸಿಮ್ಮು. ಅದಕ್ಕೊಂದು ಮಿಸ್ಡ್ ಕಾಲ್ ಕೊಟ್ಟರೆ ಮೋಟರ್ ಆನು, ಇನ್ನೊಂದು ಕೊಟ್ಟರೆ ಆಫು. ಬೆಳಗ್ಗೆ ಆರಕ್ಕೆ ತೋಟದ ಲೈನಿಗೆ ಕರೆಂಟು ಬರುತ್ತೆ, ಒಂಬತ್ತಕ್ಕೆ ಹೋಗುತ್ತೆ. ಮಂಚದ ಮೇಲಿಂದಲೇ ಒಂದು ಕಾಲ್ ಕೊಟ್ಟು ಮಗ್ಗುಲಾದರೆ ನನ್ನ ಬೇಸಾಯ ಮುಗೀತು.

ಕಷ್ಟ ಏನಪ್ಪಾ ಅಂದರೆ, ತಿಂಡಿ ತಿಂದು ಹತ್ತಕ್ಕೆ ತೋಟಕ್ಕೆ ಹೋದರೆ ಮಣ್ಣು ಒಣಒಣ. ಒಂದು ಹನಿ ಹರಿದ ಗುರುತಿಲ್ಲ. ಮಾರನೇ ದಿನ ಕಾಲ್ ಕೊಡೋದೇ ಮರೆತು ಹೋದರೆ, ಪಾತಿ ತುಂಬ ನೀರು. ಒಂದು ವಾರ ಬರೆದಿಟ್ಟು ನೋಡಿದೆ. ನಾನು ನೆನಪಿಟ್ಟು ಕಾಲ್ ಕೊಟ್ಟ ದಿನ ಓಡಲ್ಲ, ಮರೆತ ದಿನ ಓಡುತ್ತೆ. ತಲೆ ಕೆಟ್ಟು ಗೊಬ್ಬರ ಆಯ್ತು.

ಪಾಪ, ನನ್ನ ಹೆಂಡತಿ ಅಲ್ಲಿ ನಲವತ್ತು ತೆಂಗಿನ ಸಸಿ ಇಟ್ಟಿದ್ದಳು. ತವರಿನ ಮರದ ಕಾಯಿ ತಂದು, ಮೊಳಕೆ ಬರಿಸಿ, ಮಕ್ಕಳ ಹಾಗೆ ಸಾಕಿದ್ದು. ಮೋಟರು ಒಂದಿನ ಓಡುತ್ತೆ, ಒಂದಿನ ಇಲ್ಲ ಅಂತ ಅವಳಿಗೆ ಹೇಳಿ, "ಬೋರ್ಡು ಕೆಟ್ಟಿದೆ ಕಣೇ, ಮನೆಗೆ ಬಿಚ್ಕೊಂಡು ಬಂದು ನಾನೇ ಸರಿ ಮಾಡ್ತೀನಿ" ಅಂದೆ.

ಅವಳು ಒಂದು ಗಳಿಗೆ ಏನೋ ಹೇಳೋಕೆ ಬಂದು ಸುಮ್ಮನಾದಳು. ಆಮೇಲೆ ಅಂದಳು, "ಮಾಡಿ. ಆದರೆ ಬೋರ್ಡು ಇಲ್ಲದೆ ಪೆಟ್ಟಿಗೆ ಕೆಲಸ ಮಾಡಲ್ಲ, ಅಲ್ಲಿವರೆಗೂ ಕೊಡದಲ್ಲಿ ನೀರು ಹೊರೋಳು ನಾನು. ನನ್ನ ಒಂದು ಸಸಿ ಒಣಗಿದರೂ ಈ ಮನೇಲಿ ನೀವು ಇನ್ನು ಸ್ಕ್ರೂಡ್ರೈವರ್ ಮುಟ್ಟೋ ಹಾಗಿಲ್ಲ."

ಅಣ್ಣನ ಪರೀಕ್ಷೆ

ಬೋರ್ಡನ್ನ ಊಟದ ಮೇಜಿನ ಮೇಲಿಟ್ಟುಕೊಂಡು ಭೂತಗನ್ನಡಿ ಹಿಡಿದು ನೋಡ್ತಾ ಕೂತಿದ್ದೆ. ನಮ್ಮಣ್ಣ ಬಂದ. ಅವನು ಆಯುಷ್ಯವೆಲ್ಲ ಕೊಬ್ಬರಿ ಮಾಡಿದವನು. ಅಟ್ಟದ ಮೇಲಿನ ಕಾಯಿ ತಗೊಂಡು ಕಿವಿ ಹತ್ತಿರ ಅಲ್ಲಾಡಿಸಿ, ಲೊಟಲೊಟ ಅಂದರೆ ಕೊಬ್ಬರಿ ಆಗಿದೆ, ಇಲ್ಲದಿದ್ದರೆ ಇನ್ನೂ ಇಲ್ಲ ಅಂತ ಕಣ್ಣು ಮುಚ್ಚಿ ಹೇಳ್ತಾನೆ.

"ಕೊಡ್ಲಾ ಇಲ್ಲಿ" ಅಂತ ಬೋರ್ಡು ಈಸ್ಕೊಂಡ. ಕಿವಿಗಿಟ್ಟು ಅಲ್ಲಾಡಿಸಿದ. ಆ ಕಿವಿ ಆಯ್ತು, ಈ ಕಿವಿ ಆಯ್ತು.

"ಒಳಗೆ ಸದ್ದೇ ಇಲ್ಲ ಕಣ್ಲಾ. ಇದು ಇನ್ನೂ ಹಸಿ ಐತೆ. ಅಟ್ಟಕ್ಕೆ ಹಾಕು, ಕೆಳಗೆ ಸ್ವಲ್ಪ ಹೊಗೆ ಕೊಡು."

ನಗಬೇಕಿತ್ತು ನಾನು. ಆದರೆ ತೇವಾಂಶದಿಂದ ಶಾರ್ಟ್ ಆಗುತ್ತೆ ಅಂತ ನಾನೇ ಹತ್ತನೇ ಕ್ಲಾಸಿಗೆ ಪಾಠ ಮಾಡಿದ್ದು ನೆನಪಾಯ್ತು. ಅಣ್ಣ ಹೇಳಿದ್ದು ವೈಜ್ಞಾನಿಕವೇ ಅನ್ನಿಸಿ, ಏಣಿ ಹಾಕಿ ಅಟ್ಟ ಹತ್ತಿ ಕಾಯಿಗಳ ಮಧ್ಯೆ ಇಟ್ಟು, ಕೆಳಗೆ ಹೊಗೆ ಹಾಕಿದೆ.

ಮೂರನೇ ದಿನ ಅಣ್ಣ ಬಂದು, "ಏನ್ಲಾ, ಅಲ್ಲಾಡಿಸಿ ನೋಡ್ದಾ?" ಅಂತ ಕೇಳಿದ. ನೋಡಿದೆ. ಈಗ ಒಳಗೆ ಏನೋ ಲೊಟಲೊಟ ಅಂತಿತ್ತು.

"ನೋಡು, ಆಯ್ತು" ಅಂದ ಅಣ್ಣ, ಖುಷಿಯಾಗಿ.

ಆಮ್ಲ ಮತ್ತು ತಾಮ್ರ

ಅಟ್ಟದಿಂದ ಇಳಿಸಿದ ಬೋರ್ಡು ಇದ್ದಿಲಿನ ಹಾಗಿತ್ತು. ಮೂರು ದಿನದ ಹೊಗೆ, ಕೊಬ್ಬರಿ ಎಣ್ಣೆ ಜಿಡ್ಡು ಬೇರೆ. ಒರೆಸಿದರೆ ಹೋಗಲಿಲ್ಲ. ಬೋರ್ಡಿನ ಮೇಲಿನ ಗೆರೆಗಳೆಲ್ಲ ತಾಮ್ರದ್ದು. ತಾಮ್ರದ ಕಿಲುಬು ಹೋಗೋಕೆ ಆಮ್ಲ ಬೇಕು. ಮನೆಯಲ್ಲಿರೋ ಆಮ್ಲ ಯಾವುದು? ಅಡುಗೆಮನೆಗೆ ಹೋಗಿ ಒಂದು ನಿಂಬೆ ಗಾತ್ರದ ಹುಣಸೆಹಣ್ಣು, ಒಂದು ಚಿಟಿಕೆ ಉಪ್ಪು ತಂದು ಬಚ್ಚಲಲ್ಲಿ ಕೂತೆ.

ಹೆಂಡತಿ ಆಗತಾನೇ ತೋಟದಿಂದ ಬಂದಿದ್ದಳು. ಸೊಂಟ ಹಿಡ್ಕೊಂಡು ಬಾಗಿಲಲ್ಲಿ ನಿಂತು ನೋಡಿದಳು.

"ಏನ್ರೀ ಅದು?"

"ರಸಾಯನಶಾಸ್ತ್ರ."

"ದೇವರ ಮನೆ ಚೊಂಬು ತೊಳೀರಿ ಅಂತ ಮದುವೆ ಆದಾಗಿನಿಂದ ಬಡ್ಕೊಳ್ತಿದ್ದೀನಿ. ಕೈಯಲ್ಲಿ ಹುಣಸೆಹಣ್ಣು ಹಿಡಿದಿದ್ದು ಇವತ್ತೇ ನೋಡಿದ್ದು."

ಬೋರ್ಡು ಮಾತ್ರ ಫಳಫಳ ಹೊಳೀತು, ಸುಳ್ಳು ಹೇಳಬಾರದು. ಬಿಸಿಲಿಗೆ ಒಣಗಲಿ ಅಂತ ಜಗಲಿ ಮೇಲಿಟ್ಟೆ. ಸಂಜೆ ನೋಡಿದರೆ ಇರುವೆ ಸಾಲು. ಒಂದೊಂದು ಇರುವೆನೂ ತಾಮ್ರದ ಗೆರೆ ಹಿಡಿದು ನೇರ ಹೋಗಿ, ತಿರುವಿನಲ್ಲಿ ತಿರುಗಿ, ತುದಿ ಮುಟ್ಟುತ್ತಿತ್ತು. ನಾನು ಮೂವತ್ತು ವರ್ಷ ಕಪ್ಪು ಹಲಗೆ ಮೇಲೆ ಬರೆದ ಸರ್ಕ್ಯೂಟು ನನ್ನ ಕಣ್ಣ ಮುಂದೆ ಹರಿದಿದ್ದು ಅದೇ ಮೊದಲು.

ಎಲ್ಲ ಸೊನ್ನೆ

ಇನ್ನು ಅಳತೆ ಮಾಡದೆ ಗತಿಯಿಲ್ಲ ಅಂತ ಪಕ್ಕದ ಬೀದಿ ಎಲೆಕ್ಟ್ರಿಷಿಯನ್ ಹತ್ತಿರ ಮೀಟರ್ ಕಡ ತಂದೆ. ಮುಳ್ಳಿನ ಮೀಟರು, ಅವರಪ್ಪನ ಕಾಲದ್ದು. ಬೋರ್ಡಿನ ಬಿಡಿಭಾಗಗಳ ಈ ಕಾಲಿಗೆ ಕೆಂಪು ವೈರು, ಆ ಕಾಲಿಗೆ ಕಪ್ಪು ವೈರು ಮುಟ್ಟಿಸಿದೆ. ಮುಳ್ಳು ಅಲ್ಲಾಡಲಿಲ್ಲ. ಬೇರೆ ಕಡೆ ಇಟ್ಟೆ, ಇಲ್ಲ. ಎರಡು ಗಂಟೆ ಹೊತ್ತು ಬೋರ್ಡಿನ ಒಂದು ಮೂಲೆ ಬಿಡದೆ ಮುಟ್ಟಿಸಿ, ಕಾಗದದಲ್ಲಿ ಸೊನ್ನೆ, ಸೊನ್ನೆ ಅಂತ ಸಾಲಾಗಿ ಬರೆದೆ. ನನ್ನ ಕ್ಲಾಸಿನ ಮಾರ್ಕ್ಸ್ ಪಟ್ಟಿನೂ ಇಷ್ಟು ಕೆಟ್ಟದಾಗಿರಲಿಲ್ಲ.

"ಬೋರ್ಡು ಪೂರ್ತಿ ಸತ್ತಿದೆ ಕಣೇ" ಅಂತ ಹೆಂಡತಿಗೆ ಹೇಳಿದೆ. ಆರು ದಿನದಿಂದ ಅವಳು ನೀರು ಹೊತ್ತು ಅಂಗೈ ಬೊಬ್ಬೆ ಬಂದಿತ್ತು. ನಿಜಕ್ಕೂ ನಾಚಿಕೆ ಆಯ್ತು.

ಸಂಜೆ ಮೀಟರ್ ವಾಪಸ್ ಕೇಳೋಕೆ ಎಲೆಕ್ಟ್ರಿಷಿಯನ್ ಬಂದ. ನನ್ನ ಸೊನ್ನೆಗಳ ಪಟ್ಟಿ ನೋಡಿ, ಮೀಟರ್ ಹಿಂದಿನ ಮುಚ್ಚಳ ತೆಗೆದು ತೋರಿಸಿದ.

"ಸಾರ್, ಸೆಲ್ಲು ಗೋಡೆ ಗಡಿಯಾರಕ್ಕೆ ಹಾಕಿದ್ದೆ. ಹೇಳೋದು ಮರ್ತೆ."

ತಿಪಟೂರಿನ ಬಲ್ಬು

ಏಳನೇ ದಿನ ಎರಡು ಸಸಿಯ ಎಲೆ ತುದಿ ಹಳದಿಯಾಗಿತ್ತು. ಹೆಂಡತಿ ಬೋರ್ಡನ್ನ ಒಂದು ಬಟ್ಟೆ ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟು, ಸ್ಕ್ರೂಡ್ರೈವರನ್ನ ತನ್ನ ಬೀರು ಒಳಗಿಟ್ಟು ಬೀಗ ಹಾಕಿದಳು. ನಾನು ಬಾಯಿ ಮುಚ್ಕೊಂಡು ತಿಪಟೂರು ಬಸ್ಸು ಹತ್ತಿದೆ.

ಸ್ಟಾರ್ಟರ್ ಹಾಕಿಕೊಟ್ಟಿದ್ದ ಮೆಕ್ಯಾನಿಕ್ ಭಾಯ್ ಅಂಗಡಿ ಬಸ್ ಸ್ಟ್ಯಾಂಡ್ ಹತ್ತಿರ. ಒಳ್ಳೇ ಮನುಷ್ಯ, ನನ್ನ ಕಂಡರೆ ಎದ್ದು ನಿಲ್ತಾನೆ. ಚೀಲ ಬಿಚ್ಚಿ ಬೋರ್ಡು ಮೂಗಿನ ಹತ್ತಿರ ಹಿಡಿದ.

"ಸಾರ್, ಹುಣಸೆಹಣ್ಣಿನ ವಾಸನೆ ಬರ್ತೈತೆ."

"ಸ್ವಲ್ಪ ತೊಳೆದಿದ್ದೆ."

"ಉಪ್ಪು?"

"ಒಂದು ಚಿಟಿಕೆ."

"ಒಗ್ಗರಣೆ ಒಂದು ಬಾಕಿ ಉಳೀತು ನೋಡಿ" ಅಂದು, ಅದ್ಯಾವುದೋ ಸ್ಪಿರಿಟ್ ಹಾಕಿ ಬ್ರಶ್ಶಲ್ಲಿ ತಿಕ್ಕಿ, ಕಳಚಿಕೊಂಡಿದ್ದ ನಾಲ್ಕು ಕಾಲು ಬೆಸುಗೆ ಹಾಕಿದ. ಮೋಟರ್ ಬದಲು ಒಂದು ಬಲ್ಬು ಜೋಡಿಸಿ, "ಕಾಲ್ ಮಾಡಿ ಸಾರ್, ಬಲ್ಬು ಹತ್ತಿದರೆ ಸರಿ ಆಯ್ತು ಅಂತ" ಅಂದ.

ನಾನು ಮೊದಲು ಹೆಂಡತಿಗೆ ಫೋನ್ ಮಾಡಿ, "ರೆಡಿ ಆಯ್ತು ಕಣೇ, ಈಗ ಟೆಸ್ಟು" ಅಂತ ತಿಳಿಸಿದೆ. ಆಮೇಲೆ ಬೋರ್ಡಿಗೆ ಕಾಲ್ ಕೊಟ್ಟೆ. ಬಲ್ಬು ಹತ್ತಿತು. ಉಸಿರು ಬಿಡೋಷ್ಟರಲ್ಲಿ ಆರಿಹೋಯ್ತು.

ಹೆಂಡತಿಯಿಂದ ಫೋನು. "ಏನಾಯ್ತು?"

"ಹತ್ತಿ ಆರೋಯ್ತು. ಇರು, ಇನ್ನೊಂದ್ಸಲ ನೋಡ್ತೀನಿ."

ಮತ್ತೆ ಹತ್ತಿತು, ಮತ್ತೆ ಆರಿತು. ಭಾಯ್ ಬಲ್ಬು ಬದಲಾಯಿಸಿದ. ಹೆಂಡತಿಗೆ ಹೇಳಿ ಮೂರನೇ ಸಲ ಕಾಲ್ ಕೊಟ್ಟೆ. ಅದೇ ಕಥೆ. ಅವನು ತಲೆ ಕೆರ್ಕೊಂಡ, ನಾನೂ ಕೆರ್ಕೊಂಡೆ. ತೋಟದಲ್ಲಿ ಬಾಡ್ತಿರೋ ಸಸಿಗಳ ಮುಂದೆ ಹೋಗಿ ಏನಂತ ನಿಲ್ಲಲಿ ಅಂತ ನನಗೆ ಚಿಂತೆ ಹತ್ತಿತು.

ಭಾಯ್ ಇದ್ದಕ್ಕಿದ್ದ ಹಾಗೆ ಕೇಳಿದ, "ಸಾರ್, ಅಮ್ಮಾವ್ರು ಎಲ್ಲವ್ರೆ?"

"ಮನೇಲಿ."

"ಅವರ ಫೋನು ಒಂದೈದು ನಿಮಿಷ ಕೆಳಗಿಡೋಕೆ ಹೇಳ್ತೀರಾ?"

ಹೇಳಿದೆ. ಕಾಲ್ ಕೊಟ್ಟೆ. ಬಲ್ಬು ಹತ್ತಿತು, ಹತ್ತೇ ಇತ್ತು. ಭಾಯ್ ನನ್ನ ಮುಖ ನೋಡದೆ ನೆಲ ನೋಡಿದ. "ತಪ್ಪಾಯ್ತು ಸಾರ್. ಇದಕ್ಕೆ ಎರಡು ನಂಬರ್ ಹಾಕಿದೀನಿ. ಮೇಷ್ಟ್ರು ಮರೀತಾರೆ, ನನ್ನದೂ ಹಾಕಿರು, ಅವರಿಗೆ ಹೇಳಿದರೆ ಬೇಜಾರು ಮಾಡ್ಕೊತಾರೆ ಅಂತ ಅಮ್ಮಾವ್ರು ಹೇಳಿದ್ರು."

ಫೋನ್ ಸ್ಪೀಕರಿಗೆ ಹಾಕಿ ಹೆಂಡತಿಗೆ ಮತ್ತೆ ಮಾಡಿದೆ. "ದಿನಾ ಬೆಳಗ್ಗೆ ಆರಕ್ಕೆ ನೀನೂ ಕಾಲ್ ಕೊಡ್ತಿದ್ಯಾ?"

"ಅಡುಗೆಮನೆಯಿಂದ ಕೊಡ್ತಿದ್ದೆ ಕಣ್ರೀ. ನೀವು ಮಲಗಿರ್ತಿದ್ರಲ್ಲ. ಈಗಲೂ ಟೆಸ್ಟು ಅಂದ್ರಲ್ಲ, ನನ್ನ ನಂಬರಿಗೂ ಆಗುತ್ತಾ ನೋಡೋಣ ಅಂತ ಕೊಟ್ಟೆ."

"ಮಲಗಿಕೊಂಡೇ ನಾನೂ ಕೊಡ್ತಿದ್ದೆ ಕಣೇ. ನಾನು ಹಾಕ್ತಿದ್ದೆ, ನೀನು ಆರಿಸ್ತಿದ್ದೆ."

ಅವಳು ಮೆಲ್ಲಗೆ ಕೇಳಿದಳು, "ಹಂಗಾದರೆ ಬೋರ್ಡಿಗೆ ಏನಾಗಿತ್ತು?"

ನಾನು ಬಾಯಿ ತೆಗೆಯೋ ಮೊದಲೇ ಭಾಯ್ ಫೋನಿನ ಕಡೆ ಬಗ್ಗಿ ವಿನಯವಾಗಿ ಹೇಳಿದ, "ಏನೂ ಆಗಿರಲಿಲ್ಲಮ್ಮಾ, ಮೇಷ್ಟ್ರು ರಿಪೇರಿ ಮಾಡೋವರೆಗೂ."