ತ್ರೀಜಿ ಮುಚ್ಚಿದ ಮೇಲೆ

ಪುಣೆಯ ಶಿವಾಜಿನಗರದಲ್ಲಿ ಒಂದು ಮೊಬೈಲ್ ಕಂಪನಿಯ ದೂರು ಕೌಂಟರಿನಲ್ಲಿ ಬಹಳ ವರ್ಷ ಕೂತವನು ನಾನು. ಹಳೆಯ ನೆಟ್‌ವರ್ಕ್ ಹೋಗಿ ಹೊಸದು ಬಂದಾಗಲೆಲ್ಲ ಜಾಹೀರಾತಿನಲ್ಲಿ ನಗುವುದಕ್ಕೆ ಸಿನಿಮಾದವರಿದ್ದರು, ಬೈಸಿಕೊಳ್ಳುವುದಕ್ಕೆ ನಾನಿದ್ದೆ.

ಗೋಡೆ

ತ್ರೀಜಿ ಮುಚ್ಚುವ ಮುಂಚೆ ಕಂಪನಿ ಎಲ್ಲರಿಗೂ ಮೆಸೇಜು ಕಳಿಸಿತು: ಸಿಮ್ ಬದಲಿಸಿ, ಫೋರ್‌ಜಿ ಆನಂದಿಸಿ. ಧಾರವಾಡದ ಕಡೆಯ ನಿವೃತ್ತ ಮಾಸ್ತರರೊಬ್ಬರು ಪುಣೆಯ ಹೊರವಲಯದ ನಿಗಡಿಯಿಂದ ಬಂದು ಸಿಮ್ ಬದಲಿಸಿಕೊಂಡು ಹೋದರು. ತ್ರೀಜಿ ಮುಚ್ಚಿದ ಮರುದಿನ ಮತ್ತೆ ಬಂದರು.

“ಇಂಟರ್ನೆಟ್ ಪೂರಾ ಬಂದ್ ಆಗ್ಯದರೀ. ವಿಡಿಯೋದಾಗ ಮೊಮ್ಮಗಳ ಮುಖ ಕಾಣವಲ್ದು.”

“ನಿಮ್ಮ ಫೋನ್ ತ್ರೀಜಿದು ಅದರೀ ಮಾಸ್ತರ್. ಅದೂ ಬದಲಿಸಬೇಕು,” ಎಂದೆ. ಮೆಸೇಜಿನಲ್ಲಿ ಅದನ್ನು ಬರೆಯುವುದು ಕಂಪನಿಗೆ ಮರೆತುಹೋಗಿತ್ತು.

ಫೋನನ್ನೂ ಬದಲಿಸಿದರು. ಮತ್ತೆ ಬಂದರು. ಈಗ ಅಂಗಳದಲ್ಲಿ ಮೊಮ್ಮಗಳು ಕಾಣುತ್ತಾಳೆ, ಮನೆಯೊಳಗೆ ಹೋದರೆ ಮಾಯ. ನಾನು ಮೇಲಿನವರನ್ನು ಕೇಳಿ ಉತ್ತರ ಕೊಟ್ಟೆ: “ನಿಮ್ಮ ಮನಿ ಗ್ವಾಡಿ ದಪ್ಪ ಅದಾವಂತ್ರಿ. ಹೊಸಾ ಸಿಗ್ನಲ್ ಒಳಗ ಬರೂದಿಲ್ಲಂತ.”

ಮಾಸ್ತರರು ಸಿಟ್ಟಾಗಲಿಲ್ಲ. ಕನ್ನಡಕ ಒರೆಸಿಕೊಂಡು ಕೇಳಿದರು: “ಸಿಮ್ ಆತು, ಫೋನ್ ಆತು. ಗ್ವಾಡಿ ರವಿವಾರ ಕೆಡವಿದ್ರ ನಡೀತದೇನ್ರಿ?”

ಎಲ್ಲಿದ್ದೀರಿ

ರಿಕ್ಷಾದವರೊಬ್ಬರು ಬಂದು ಮರಾಠಿಯಲ್ಲಿ ಬೈದರು. ನನ್ನ ಮರಾಠಿ ಕೇಳಿದ ಮೇಲೆ, ತಾವು ಬೆಳಗಾವಿಯವರೆಂದು ಹೇಳಿ ಕನ್ನಡದಲ್ಲಿ ಇನ್ನೂ ಚೆನ್ನಾಗಿ ಬೈದರು.

ಅವರ ಫೋನು ಇಂಟರ್ನೆಟ್ಟಿಗೆ ಮಾತ್ರ ಫೋರ್‌ಜಿ. ಕಾಲ್ ಬಂದರೆ ಹಳೆಯ ಟೂಜಿಗೆ ಇಳಿಯುತ್ತದೆ, ಇಳಿದ ಕೂಡಲೇ ಮ್ಯಾಪು ನಿಲ್ಲುತ್ತದೆ.

“ಪ್ಯಾಸೆಂಜರ್ ಫೋನ್ ಹಚ್ಚಿ ಎಲ್ಲಿದ್ದೀರಿ ಅಂತ ಕೇಳ್ತಾರ. ಅಷ್ಟರಾಗ ಮ್ಯಾಪ್ ಹೋಗಿ, ಎಲ್ಲಿದ್ದೀನಿ ಅಂತ ನನಗ ತಿಳಿಯೂದಿಲ್ಲ. ಅವರು ಕ್ಯಾನ್ಸಲ್ ಮಾಡ್ತಾರ. ದಿನಾ ಇದ ಆಗ್ಯದ.”

“ಮತ್ತ ಏನ್ ಹೇಳ್ತೀರಿ ಅವರಿಗೆ?”

“ಫೋನ್ ಇಡ್ರಿ, ನೋಡಿ ಹೇಳ್ತೀನಿ ಅಂತೀನಿ. ಇಟ್ಟ ಮ್ಯಾಲೆ ಗೊತ್ತಾಗ್ತದ. ಹೇಳಬೇಕಂದ್ರ ಮತ್ತ ಫೋನ್ ಹಚ್ಚಬೇಕು.”

ನನ್ನದು

ಕೌಂಟರಿನವರಿಗೆಲ್ಲ ಕಂಪನಿಯೇ ಒಂದೊಂದು ಫೋನು ಕೊಟ್ಟಿತ್ತು. ಆಫೀಸಿನ ಸೂಚನೆಗಳೆಲ್ಲ ಅದರ ಆ್ಯಪಿಗೇ ಬರುತ್ತಿದ್ದವು. ಫೋನು ತ್ರೀಜಿಯದು. ಕಂಪನಿ ತ್ರೀಜಿ ಮುಚ್ಚಿದ ದಿನ ಆ ಆ್ಯಪೂ ಸತ್ತಿತು. ಹೊಸ ಫೋನು ಬೇಕೆಂದು ಸಾಹೇಬರನ್ನು ಕೇಳಿದೆ. “ಆ್ಯಪಿನಲ್ಲಿ ಅರ್ಜಿ ಹಾಕಿ,” ಎಂದರು.

ಒಂದು ಸೋಮವಾರ ಕೌಂಟರಿಗೆ ಹೋದರೆ ನನ್ನ ಕುರ್ಚಿಯ ಮೇಲೆ ಒಂದು ಯಂತ್ರ ಇಳಿಸಿದ್ದರು. ಗ್ರಾಹಕರ ದೂರನ್ನು ಇನ್ನು ಅದೇ ಕೇಳಿಸಿಕೊಳ್ಳುತ್ತದಂತೆ. ಸಾಹೇಬರಿಗೆ ನನ್ನನ್ನು ನೋಡಿ ಆಶ್ಚರ್ಯ.

“ನೀವ್ಯಾಕೆ ಬಂದಿರಿ? ನಿಮ್ಮನ್ನ ಕೆಲಸದಿಂದ ತೆಗೆದು ವಾರದ ಮೇಲಾಯ್ತಲ್ಲ. ಆ್ಯಪಿನಲ್ಲಿ ಕಳಿಸಿದ್ದೆವು.”

ಕೂರೋಣವೆಂದರೆ ಕುರ್ಚಿಯ ಮೇಲೆ ಯಂತ್ರ. “ಆ ಫೋನಿಗೆ ಏನೂ ಬರೂದಿಲ್ಲ ಸರ್. ನಿಮಗ ಹೇಳಿದ್ನಲ್ಲ,” ಎಂದೆ.

ಅವರು ಕಂಪ್ಯೂಟರಿನಲ್ಲಿ ಏನೋ ಒತ್ತಿದರು. “ಇರಲಿ. ಪಟ್ಟಿಯಿಂದ ನಿಮ್ಮ ಹೆಸರು ತೆಗೆಯಬೇಕು. ಆ ಫೋನಿಗೆ ಒಂದು ಒಟಿಪಿ ಬರುತ್ತೆ, ಹೇಳಿ.”

ಒಟಿಪಿ ಬರುವುದು ಸಾದಾ ಎಸ್ಸೆಮ್ಮೆಸ್ಸಿನಲ್ಲಿ. ಅದಕ್ಕೆ ಟೂಜಿ ಸಾಕು. ಅಷ್ಟು ದಿನ ಸತ್ತಂತೆ ಬಿದ್ದಿದ್ದ ಫೋನು, ಅವರ ಮಾತು ಮುಗಿಯುವಷ್ಟರಲ್ಲಿ ಜೇಬಿನಲ್ಲಿ ಟಣ್ಣೆಂದಿತು.

“ನೋಡಿ, ಸರಿಯಾಗೇ ಇದೆಯಲ್ಲ,” ಎಂದರು ಸಾಹೇಬರು.