ನಮ್ಮ ಮಾವ ಮಾಡದ ಅಪರಾಧಗಳು

ನಮ್ಮ ಮಾವನಷ್ಟು ಅಪರಾಧ ಮಾಡಿದವರು ಇಡೀ ತರೀಕೆರೆ ತಾಲ್ಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ! ಗಾಬರಿಯಾಗಬೇಡಿ, ಇದು ನನ್ನ ಆಪಾದನೆಯಲ್ಲ. ಅವರೇ ಹೇಳಿಕೊಳ್ಳುತ್ತಿದ್ದದ್ದು. ಬೆಳಿಗ್ಗೆ ಎದ್ದು ಹಲ್ಲುಜ್ಜಿ ಮುಗಿಸುವಷ್ಟರಲ್ಲಿ ಅವರ ಪ್ರಕಾರ ಎರಡು ಮೂರು ಅಪರಾಧ ನಡೆದುಹೋಗಿರುತ್ತಿತ್ತು. ಬೇವಿನ ಕಡ್ಡಿ ಮುರಿದದ್ದು ಪಕ್ಕದ ಹಿತ್ತಿಲಿನಿಂದ ಈಚೆಗೆ ಬಾಗಿದ ಕೊಂಬೆಯಲ್ಲಿ, ಅದು ಕಳ್ಳತನ. ಉಗುಳಿದ ನೀರು ಹರಿದದ್ದು ಬೀದಿಗೆ, ಅದು ಸಾರ್ವಜನಿಕ ಉಪದ್ರವ. ಉಗುಳುವ ಹೊತ್ತಿಗೇ ಎದುರು ಮನೆಯ ಯಜಮಾನರು ಬಾಗಿಲು ತೆಗೆದು ಹೊರಗೆ ಬಂದದ್ದು ಬೇರೆ! ಅದು ಯಾವ ಲೆಕ್ಕಕ್ಕೆ ಸೇರುತ್ತದೆಂದು ಮಧ್ಯಾಹ್ನದವರೆಗೂ ಯೋಚಿಸುತ್ತಿದ್ದರು.

ಇಷ್ಟೆಲ್ಲ ಮಾಡಿದ ಈ ಮಹಾನುಭಾವರು ಬೇರೆಯವರ ಬೇಲಿಯ ಒಂದು ಗೂಟವನ್ನೂ ಅಲ್ಲಾಡಿಸಿದವರಲ್ಲ. ನಮ್ಮ ತಾಯಿಯ ಅಣ್ಣ. ಅಜ್ಜಂಪುರದಲ್ಲಿ ಹಗ್ಗ, ಕಣ್ಣಿ, ಮೂಗುದಾರ ಮಾರುವ ಸಣ್ಣ ಅಂಗಡಿ, ತರೀಕೆರೆ ರಸ್ತೆಗೆ ತಗುಲಿಕೊಂಡ ಒಂದಿಷ್ಟು ಹೊಲ, ಹಣೆಯ ತುಂಬ ವಿಭೂತಿ. ಮಕ್ಕಳಿಲ್ಲ. ಮನೆಯಲ್ಲಿ ಅವರು, ನಮ್ಮತ್ತೆ, ಮತ್ತು ದಂಡಸಂಹಿತೆ.

ದಂಡಸಂಹಿತೆ ಮನೆಗೆ ಬಂದದ್ದು ಹೇಗೆಂದರೆ, ಮಾವ ವಯಸ್ಸಿನಲ್ಲಿ ಚಿಕ್ಕವರಿದ್ದಾಗ ನಾರು ತರಲು ತರೀಕೆರೆಗೆ ಹೋಗಿದ್ದರಂತೆ. ಅಲ್ಲಿ ಪೊಲೀಸರು ಯಾವುದೋ ಕಳುವಿನ ಮಾಲು ಹಿಡಿದು ಮಹಜರು ಬರೆಯುತ್ತಿದ್ದರು. ಸಾಕ್ಷಿಗೆ ಒಬ್ಬ ಕಡಿಮೆಯಿದ್ದ. ದಾರಿಯಲ್ಲಿ ಹೋಗುತ್ತಿದ್ದ ಮಾವನನ್ನು ಕರೆದು, "ಇಲ್ಲೊಂದು ರುಜು ಹಾಕಪ್ಪ" ಅಂದರು. ಹಾಕಿದರು. ಅಷ್ಟಕ್ಕೆ ವರ್ಷಗಟ್ಟಲೆ ಕೋರ್ಟಿಗೆ ಅಲೆದಾಟ, ವಾಯಿದೆಯ ಮೇಲೆ ವಾಯಿದೆ. ಕೋರ್ಟಿನ ಜಗಲಿಯಲ್ಲಿ ಕೂತು ಕೂತು ಬೇಡಿ ಹಾಕಿಸಿಕೊಂಡವರ ಮುಖಗಳನ್ನು ನೋಡಿದರು. ಅವರ ಹೆಂಡಿರು ಗೋಡೆಗೆ ತಲೆಯಾನಿಸಿ ಅಳುವುದನ್ನು ನೋಡಿದರು. ಕೊನೆಗೊಂದು ದಿನ ಸಾಕ್ಷ್ಯ ಸಾಲದೆಂದು ಆ ಕಳ್ಳನಿಗೆ ಬಿಡುಗಡೆಯಾಯಿತು. ನಮ್ಮ ಮಾವನಿಗೆ ಮಾತ್ರ ಆಗಲಿಲ್ಲ! ಯಾರೋ ವಕೀಲರ ಗುಮಾಸ್ತನಿಂದ ರಟ್ಟು ಕಿತ್ತುಹೋದ ಕನ್ನಡದ ದಂಡಸಂಹಿತೆಯನ್ನು ಕೊಂಡು ತಂದು ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕ ಇಟ್ಟರು. ಪೂಜೆಯಾದ ಮೇಲೆ ದಿನವೂ ಒಂದು ಪುಟ. ದೇವರಾದರೆ ತಪ್ಪಾಯಿತೆಂದು ಕೈ ಮುಗಿದರೆ ಬಿಡುತ್ತಾನೆ, ಆ ಪುಸ್ತಕದಲ್ಲಿ ಕೈ ಮುಗಿಯುವುದಕ್ಕೆ ಜಾಗವೇ ಇಲ್ಲ ಎಂಬುದು ಅವರ ದಿಗಿಲು. ಊಟಕ್ಕೆ ಕೂತಾಗ ಅತ್ತೆಗೆ ಪಾಠ ನಡೆಯುತ್ತಿತ್ತು, ಯಾವುದಕ್ಕೆ ಎಷ್ಟು ವರ್ಷ, ಯಾವುದಕ್ಕೆ ಎಷ್ಟು ಜುಲ್ಮಾನೆ ಅಂತ.

"ಮುದ್ದೆ ಆರೋಯ್ತದೆ, ಮೊದ್ಲು ನುಂಗ್ರಿ" ಎನ್ನುತ್ತಿದ್ದರು ಅತ್ತೆ.

ಖಾಕಿ ಕಂಡರೆ ಮಾವ ಎದ್ದು ನಿಲ್ಲುತ್ತಿದ್ದರು. ಪೋಸ್ಟ್‌ಮ್ಯಾನ್ ಆದರೂ ಸರಿಯೇ! ಒಮ್ಮೆ ಬೀರೂರಿನ ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ ಬಂದು "ಎಲ್ಲಿಗೆ?" ಅಂದ. ಮಾವ ಸೀಟಿನಿಂದೆದ್ದು ತಮ್ಮ ಹೆಸರು, ತಂದೆಯ ಹೆಸರು, ವಯಸ್ಸು, ವಾಸಸ್ಥಳ ಎಲ್ಲವನ್ನೂ ಒಪ್ಪಿಸಿದರು. ಕಂಡಕ್ಟರ್ ಕೊನೆಯವರೆಗೂ ಸಮಾಧಾನವಾಗಿ ಕೇಳಿ, "ಅದೆಲ್ಲಾ ಸರಿ ಯಜಮಾನ್ರೇ, ಇಳಿಯೋದೆಲ್ಲಿ?" ಅಂದ.

ಇನ್ನು ಅಂಗಡಿಯ ವ್ಯಾಪಾರ. ಹಗ್ಗದಿಂದ ಏನೇನು ಅನಾಹುತವಾಗಬಹುದು ಎಂದು ನೀವೂ ನಾನೂ ಯೋಚಿಸುವುದಿಲ್ಲ. ಮಾವನಿಗೆ ಬೇರೆ ಯೋಚನೆಯೇ ಇಲ್ಲ! ಕೊಳ್ಳಲು ಬಂದವರನ್ನು ಎತ್ತಿಗೋ, ಬಾವಿಗೋ, ಎಷ್ಟು ಮಾರು, ಮನೆಯಲ್ಲಿ ಎಲ್ಲರೂ ಸೌಖ್ಯವೋ ಎಂದು ಪಾಟಿಸವಾಲು ಮಾಡುತ್ತಿದ್ದರು. ಒಂದು ದಿನ ಒಬ್ಬ ರೈತ ಮುಖ ಇಷ್ಟಗಲ ಊದಿಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಬಂದು ಹಗ್ಗ ಕೇಳಿದ. ಮಾವ ಹಗ್ಗದ ಸುರುಳಿಯನ್ನು ಹಿಂದಕ್ಕೆ ಸರಿಸಿಟ್ಟರು. ನಾಳೆ ಈತ ಏನಾದರೂ ಮಾಡಿಕೊಂಡರೆ ಕುಮ್ಮಕ್ಕು ಕೊಟ್ಟವರು ಯಾರು? ಅವನ ಕೈ ಹಿಡಿದು ಕೂರಿಸಿ, ಕಾಫಿ ತರಿಸಿ, ಸಂಸಾರವೆಂದರೆ ಕಷ್ಟ ಸುಖ ಎರಡೂ ಇರುತ್ತವೆಂದು ಬಹಳ ಹೊತ್ತು ಬುದ್ಧಿ ಹೇಳಿದರು. ಆತ ಬಾಯಿ ಬಿಡಲಾರದೆ ಒದ್ದಾಡಿ ಒದ್ದಾಡಿ ಕೊನೆಗೆ ಹೇಳಿದ: "ಹಲ್ಲುನೋವು ಕಣ್ರೀ! ಹಗ್ಗ ಕರೂಗೆ!" ಮಾವ ಆಗಲೂ ಕೊಡಲಿಲ್ಲ. ಆಸ್ಪತ್ರೆಗೆ ಕಳಿಸಿ, ಹಲ್ಲು ಕೀಳಿಸಿಕೊಂಡು ಬಂದ ಮೇಲೆಯೇ ಕೊಟ್ಟದ್ದು.

ನನಗೆ ಹೆಣ್ಣು ನೋಡಲು ಸಖರಾಯಪಟ್ಟಣಕ್ಕೆ ಹೋದದ್ದನ್ನಂತೂ ಇವತ್ತಿಗೂ ನನ್ನ ಹೆಂಡತಿ ಮರೆತಿಲ್ಲ. ನಾನಾಗ ಕಡೂರಿನಲ್ಲಿ ಮೇಷ್ಟ್ರು. ಮೂರು ಜನ ಹೋಗಬಾರದೆಂದು ನಮ್ಮ ತಾಯಿ ಶಾಸ್ತ್ರ ನೋಡಿ ಐದು ಜನರನ್ನು ಹೊರಡಿಸಿದರು. ಬಸ್ಸಿನಿಂದ ಇಳಿದು ನೋಡಿದರೆ ಮಾವ ನಮ್ಮಿಂದ ಮಾರುದೂರ ಹಿಂದೆ ನಿಂತಿದ್ದಾರೆ!

"ಬನ್ನಿ ಮಾವ, ಯಾಕೆ ಹಿಂದೆ ಬಿದ್ರಿ?"

"ನೀವು ನಡೀರಿ. ಐದು ಜನ ಒಂದೇ ಉದ್ದೇಶ ಇಟ್ಕೊಂಡು ಸೇರಿದ್ರೆ ಅಕ್ರಮಕೂಟ ಆಯ್ತದೆ."

"ಕೆಟ್ಟ ಉದ್ದೇಶ ಆದ್ರೆ ಮಾವ. ನಾವು ಹೆಣ್ಣು ನೋಡೋಕೆ ಬಂದಿರೋದು!"

"ಹುಡುಗಿ ನಿನ್ನ ಒಪ್ಪದೆ ಹೋದ್ರೆ? ಆಗ ಅವ್ಳ ಲೆಕ್ಕದಾಗೆ ಅದು ಯಾವ ಉದ್ದೇಶ?"

ನನಗೆ ಅಲ್ಲಿಯವರೆಗೆ ಇಲ್ಲದ ಭಯ ಆಗ ಶುರುವಾಯಿತು. ನಾವು ಒಳಗೆ ಉಪ್ಪಿಟ್ಟು ತಿನ್ನುತ್ತಿದ್ದರೆ ಮಾವ ಎದುರಿನ ತೆಂಗಿನ ತೋಟದ ಬದಿಯಲ್ಲಿ, ಕಾಯಿ ತಲೆಯ ಮೇಲೆ ಬಿದ್ದರೆ ತೋಟದವರು ಸಿಕ್ಕಿಬೀಳುತ್ತಾರೆಂದು ಮರಗಳನ್ನು ತಪ್ಪಿಸಿ ಬಿಸಿಲಿನಲ್ಲಿ ನಿಂತಿದ್ದರು. ಹುಡುಗಿಯ ತಂದೆ, "ಅವರು ನಿಮ್ಮ ಕಡೆಯೋರಾ?" ಎಂದು ಕೇಳಿದರು. ನಮ್ಮ ತಾಯಿ ನಿಟ್ಟುಸಿರುಬಿಟ್ಟು, "ನಮ್ಮೋರೇ. ಆದ್ರೆ ನಮ್ಮ ಜೊತೆ ಬಂದಿಲ್ಲ" ಎಂದರು.

ಇದನ್ನೆಲ್ಲ ನಾವು ಹೇಳಿಕೊಂಡು ನಗುತ್ತಿದ್ದೆವು. ಆ ಹುರುಳಿಯ ಘಟನೆಯಾದ ಮೇಲೆ ನನಗೆ ಮೊದಲಿನಂತೆ ನಗು ಬರುವುದಿಲ್ಲ.

ನಮ್ಮ ಕಡೆ ಹುರುಳಿ ಕಿತ್ತ ಮೇಲೆ ಒಣಗಿದ ಗಿಡಗಳನ್ನು ಟಾರು ರಸ್ತೆಯ ಮೇಲೆ ಹರಡುವುದು ರೂಢಿ. ಬಸ್ಸು, ಲಾರಿ ಅದರ ಮೇಲೆ ಓಡಾಡಿದರೆ ಸಂಜೆಯ ಹೊತ್ತಿಗೆ ಒಕ್ಕಣೆ ಮುಗಿದಂತೆ. ಎತ್ತು ಬೇಡ, ಆಳು ಬೇಡ. ಊರೆಲ್ಲ ಹಾಕುತ್ತಿತ್ತು. ಮಾವ ಮಾತ್ರ ಹಾಕಗೊಡುತ್ತಿರಲಿಲ್ಲ. "ರಸ್ತೆ ಸರ್ಕಾರದ್ದು. ಕಾಳು ಗುಂಡಗೆ ಉರುಳ್ತವೆ, ಯಾರಾದ್ರೂ ಜಾರಿಬಿದ್ದು ಸತ್ರೆ ಎರಡು ವರ್ಷ" ಎನ್ನುತ್ತ ಕಣದಲ್ಲೇ ಕಲ್ಲಿನ ಗುಂಡು ಎಳೆಸುತ್ತಿದ್ದರು. ಆ ವರ್ಷ ಅವರ ಒಂದು ಎತ್ತು ಕುಂಟುತ್ತಿತ್ತು. ಹುರುಳಿ ಬಣವೆಯಲ್ಲೇ ಉಳಿದಿತ್ತು. ಮಾವ ಒಂದು ಬೆಳಿಗ್ಗೆ ಮೊದಲ ಬಸ್ಸಿಗೆ ನಮ್ಮನ್ನು ನೋಡಲು ಕಡೂರಿಗೆ ಹೊರಟು ಬಂದರು. ಅವರ ಬಸ್ಸು ಮರೆಯಾದದ್ದೇ ಅತ್ತೆ ಹುರುಳಿ ಗಿಡ ಹೊತ್ತು ತಂದು ಹೊಲದ ಮುಂದಿನ ರಸ್ತೆಗೆ ಹರಡಿದರು. ಗಂಡ ಬರುವಷ್ಟರಲ್ಲಿ ಕಾಳು ಕೇರಿ ಮೂಟೆ ಕಟ್ಟಿಟ್ಟು ಬೆರಗುಪಡಿಸಬೇಕೆಂಬ ಆಸೆ ಅವರಿಗೆ.

ಮಧ್ಯಾಹ್ನ ಮಾವನ ಪಕ್ಕದ ಹೊಲದವರು ಬಸ್ಸು ಹಿಡಿದು ಕಡೂರಿನ ನಮ್ಮ ಮನೆಗೆ ಓಡಿ ಬಂದರು. ದನದ ಆಸ್ಪತ್ರೆಯ ಕಾಂಪೌಂಡರ್ ಸ್ಕೂಟರಿನಲ್ಲಿ ಬಂದು ಆ ಹುರುಳಿಯ ಮೇಲೆ ಜಾರಿ ತಲೆಗೆ ಪೆಟ್ಟು ಮಾಡಿಕೊಂಡಿದ್ದ. ಜ್ಞಾನ ಇರಲಿಲ್ಲ. ಯಾವುದೋ ಲಾರಿಯಲ್ಲಿ ಮಲಗಿಸಿ ಶಿವಮೊಗ್ಗದ ಆಸ್ಪತ್ರೆಗೆ ಒಯ್ದಿದ್ದರು.

ನಾನೂ ಮಾವನೂ ಬಸ್ಸು ಹತ್ತಿದೆವು. ಯಾವ ಸೆಕ್ಷನ್ನು, ಎಷ್ಟು ಶಿಕ್ಷೆ ಎಂದು ಅವರು ಶುರು ಮಾಡುತ್ತಾರೆಂದು ಕಾದೆ. ಅವರು ಬಾಯಿ ಬಿಡಲಿಲ್ಲ. ಜೀವಮಾನವಿಡೀ ಹೆದರಿಕೆಯನ್ನು ಮಾತಾಡಿಯೇ ಕಳೆದುಕೊಳ್ಳುತ್ತಿದ್ದ ಮನುಷ್ಯ ಸುಮ್ಮನೆ ಕೂತರೆ ಎಷ್ಟು ಭಯವಾಗುತ್ತದೆ ಗೊತ್ತೆ? ಬೀರೂರು ದಾಟಿದ ಮೇಲೆ ಒಂದೇ ಮಾತು ಕೇಳಿದರು. "ಆ ಹುಡುಗನಿಗೆ ಮಕ್ಕಳಿದಾವೇನೋ?"

ಮನೆಯಲ್ಲಿ ಅತ್ತೆ ನಡುಮನೆಯ ಮೂಲೆಯಲ್ಲಿ, ಸೆರಗಿನ ತುಂಬ ಹುರುಳಿ ಹೊಟ್ಟು ಹಾಗೇ ಅಂಟಿಸಿಕೊಂಡು ಕೂತಿದ್ದರು. ಮಾವನನ್ನು ಕಂಡು, "ಸತ್ರೆ ಎರಡು ವರ್ಷ ಅಂತ ನೀವೇ ಹೇಳ್ತಿದ್ರಲ್ರೀ. ನನ್ನ ಎಳ್ಕೊಂಡೋಯ್ತಾರಾ?" ಎಂದರು.

ಮುದ್ದೆಯ ಜೊತೆಗೆ ನುಂಗಿದ ಒಂದೊಂದು ಪಾಠವೂ ಆಕೆಗೆ ನೆನಪಿತ್ತು! ಮಾವ ಪಕ್ಕದಲ್ಲಿ ಕೂತು ಸೆರಗಿನ ಹೊಟ್ಟನ್ನು ಒಂದೊಂದಾಗಿ ಬಿಡಿಸತೊಡಗಿದರು. "ನೀನು ಬೇಕಂತ ಮಾಡಿದ್ದಲ್ಲ ಕಣೆ. ಮನಸಿನಾಗೆ ಕೇಡಿಲ್ದಿದ್ರೆ ಅಪರಾಧ ಇಲ್ಲ ಅಂತಲೇ ಬರೆದೈತೆ" ಅಂದರು. ಅಜಾಗರೂಕತೆಗೆ ಆ ಮಾತು ನಡೆಯುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ದಫೇದಾರರು ಬಂದರು. ಮಾವನ ಮನೆಯ ಬಾಗಿಲಿಗೆ ಊರೇ ಸೇರಿತು. ಕಾಂಪೌಂಡರ್ ಇನ್ನೂ ಕಣ್ಣು ತೆರೆದಿರಲಿಲ್ಲ. "ರಸ್ತೆಗೆ ಹುರುಳಿ ಹಾಕಿದ್ದು ಯಾರು?" ಎಂದು ಕೇಳಿದರು. ಒಳಗೆ ಅತ್ತೆಯ ಬಳೆ ಸದ್ದಾಯಿತು. ಎದ್ದರೇನೋ.

ಪೋಸ್ಟ್‌ಮ್ಯಾನಿಗೆ ಎದ್ದು ನಿಲ್ಲುವ ನಮ್ಮ ಮಾವ ಬಾಗಿಲಿಗೆ ಅಡ್ಡವಾಗಿ ನಿಂತು, "ನಾನು ಸ್ವಾಮಿ" ಅಂದರು.

"ನೀವು ಕಡೂರಿಗೆ ಹೋಗಿದ್ರಂತಲ್ಲ ಯಜಮಾನ್ರೇ?"

"ಹರಡಿಟ್ಟೇ ಬಸ್ ಹತ್ತಿದ್ದು."

ಧೈರ್ಯವಾಗಿ ಹೇಳಿದರು ಎಂದು ನಾನು ಬರೆದರೆ ಸುಳ್ಳಾಗುತ್ತದೆ. ಪಂಚೆಯೊಳಗೆ ಮಂಡಿ ಅದುರುವುದು ಬೀದಿಗೆಲ್ಲ ಕಾಣುತ್ತಿತ್ತು. ಆದರೂ ಬಾಗಿಲು ಬಿಟ್ಟು ಕದಲಲಿಲ್ಲ. ದಫೇದಾರರು ಸುತ್ತ ನೆರೆದವರ ಮುಖ ನೋಡಿದರು. ನಿಜ ಗೊತ್ತಿದ್ದ ಇಡೀ ಊರು ನೆಲ ನೋಡುತ್ತಿತ್ತು. ಅವರು ಹೇಳಿಕೆ ಬರೆದುಕೊಂಡು, ಠಾಣೆಗೆ ಬರಲು ಹೇಳಿ ಹೋದರು.

ನಾನು ಮೆಲ್ಲಗೆ, "ಮಾವ, ಸುಳ್ಳು ಹೇಳೋದೂ ಅಪರಾಧ ಅಲ್ವಾ?" ಅಂದೆ.

"ಹೌದು ಕಣೋ" ಎಂದು ಹಣೆ ಒರೆಸಿಕೊಂಡರು. "ಆದ್ರೆ ತಪ್ಪು ಮಾಡಿದೋರ್ನ ಬಚ್ಚಿಟ್ಟೋರು ಗಂಡನೋ ಹೆಂಡ್ತಿಯೋ ಆಗಿದ್ರೆ ಅದಕ್ಕೆ ಶಿಕ್ಷೆ ಇಲ್ಲ ಅಂತ ಒಂದು ಕಡೆ ಬರೆದವ್ರೆ. ಇಡೀ ಪುಸ್ತಕದಾಗೆ ನಂಗೆ ಭಯ ಹುಟ್ಟಿಸದೆ ಇರೋದು ಅದೊಂದೇ ಸಾಲು."

ಆ ಸಾಲು ಇವರ ಸುಳ್ಳಿಗೂ ಅನ್ವಯಿಸುತ್ತದೋ ಇಲ್ಲವೋ, ನಾನು ಇವತ್ತಿಗೂ ಯಾವ ವಕೀಲರನ್ನೂ ಕೇಳಲು ಹೋಗಿಲ್ಲ.

ಆಮೇಲಿನ ದಿನಗಳಲ್ಲಿ ಮಾವ ಅಂಗಡಿ ಮುಚ್ಚಿ ಶಿವಮೊಗ್ಗದ ಆಸ್ಪತ್ರೆಯಲ್ಲೇ ಕೂತರು. ಆ ಹುಡುಗ ಕಣ್ಣು ಬಿಟ್ಟು ನೀರು ಕೇಳಿದ ದಿನ ಮಗುವಿನಂತೆ ಅತ್ತುಬಿಟ್ಟರು. ಅವನು ಎದ್ದು ಓಡಾಡಿದ ಮೇಲೂ ಕೇಸು ನಿಂತಿರಲಿಲ್ಲ, ತರೀಕೆರೆ ಕೋರ್ಟಿಗೆ ಬಂತು. ತಪ್ಪು ಒಪ್ಪಿಕೊಳ್ಳುತ್ತೀರಾ ಎಂದು ಕೇಳಿದಾಗ ಮಾವ ಪ್ರಶ್ನೆ ಮುಗಿಯುವ ಮೊದಲೇ ಒಪ್ಪಿಕೊಂಡರು. ಜುಲ್ಮಾನೆ, ಜೊತೆಗೆ ಕೋರ್ಟು ಏಳುವವರೆಗೆ ಸಜೆ.

ಕೋರ್ಟು ಏಳುವವರೆಗೆ ಸಜೆಯೆಂದರೆ ಅಲ್ಲೇ ಒಂದು ಮೂಲೆಯಲ್ಲಿ ಸಂಜೆಯ ತನಕ ಕೂತಿದ್ದು ಮನೆಗೆ ಹೋಗುವುದು. ಬೇರೆಯವರಾದರೆ ಅಷ್ಟರಲ್ಲಿ ಒಂದು ನಿದ್ದೆ ತೆಗೆಯುತ್ತಿದ್ದರು. ನಮ್ಮ ಮಾವ ಬೆನ್ನು ನೆಟ್ಟಗೆ ಮಾಡಿ, ಕೈ ಕಟ್ಟಿ, ಕೆಮ್ಮು ಬಂದರೂ ನುಂಗಿಕೊಂಡು ಕೂತರು. ಮಧ್ಯಾಹ್ನ ಸಾಹೇಬರು ಊಟಕ್ಕೆ ಎದ್ದು ಹೋದರು, ಜವಾನನೇ ಬಂದು, "ನೀವೂ ಹೋಗಿ ಏನಾದ್ರೂ ತಿಂದ್ಕೊಂಬನ್ನಿ" ಅಂದ. ಮಾವ ಅಲ್ಲಾಡಲಿಲ್ಲ. "ಎದ್ದಿರೋದು ಅವರು. ಕೋರ್ಟು ಇನ್ನೂ ಎದ್ದಿಲ್ಲ" ಅಂದರು! ಹೊರಗೆ ಜಗಲಿಯಲ್ಲಿ ಅತ್ತೆ ರೊಟ್ಟಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು, ತಾವೂ ತಿನ್ನದೆ, ಗೋಡೆಗೆ ತಲೆಯಾನಿಸಿ ಕೂತಿದ್ದರು.

ಸಂಜೆ ಅಜ್ಜಂಪುರದ ಬಸ್ಸಿನಲ್ಲಿ ಗಂಟು ಬಿಚ್ಚಿದರು. ಅತ್ತೆ ರೊಟ್ಟಿ ಮುರಿದು ಮಾವನ ಕೈಗೆ ಕೊಡುತ್ತ, ಇಷ್ಟು ದಿನ ಹಿಡಿದಿಟ್ಟಿದ್ದ ಅಳುವನ್ನು ಬಿಟ್ಟರು. "ಅಲ್ಲಿ ಕೂರ್ಬೇಕಾದೋಳು ನಾನು. ಎಷ್ಟು ಹೆದ್ರಿಕೊಂಡ್ರೋ ಏನೋ."

ಮಾವ ರೊಟ್ಟಿಯ ಚೂರನ್ನು ಮೊದಲು ಅವರ ಕೈಗೇ ವಾಪಸು ಇಟ್ಟರು.

"ನೀನು ಯಾಕೆ ಹೋಗ್ಬೇಕು? ನಿಂಗೆ ಗೊತ್ತಿಲ್ಲ ಅದೆಲ್ಲ" ಅಂದರು. "ನಾನು ನಿನ್ನ ಮದುವೆ ಆಗೋಕೆ ಮುಂಚಿಂದ್ಲೂ ದಿನಾ ಮನಸಿನಾಗೆ ಜೈಲಿಗೆ ಹೋಗಿ ಹೋಗಿ ಬತ್ತಾ ಇದೀನಿ. ನಂಗೆ ದಾರಿ ಅಭ್ಯಾಸ ಐತೆ ಕಣೆ."